ತಾಯಿಬೇರು ಇಲ್ಲದ ಮರ: ಅತ್ತಾವರದ ಕಾಗದದ ಹೂವು, ಉಳ್ಳಾಲದ ಗೇರು, ಒಂದು ಗೂಟಿಯ ಚರಿತ್ರೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಸ್ಟೇಟ್‌ಬ್ಯಾಂಕ್ ಕಡೆಗೋ, ಸುರತ್ಕಲ್ ಕಡೆಗೋ? ಹಾಗಾದ್ರೆ ಕಿಟಕಿಯಿಂದ ಹೊರಗೆ ಒಮ್ಮೆ ನೋಡಿ. ಒಂದು ಹಂಚಿನ ಮನೆ, ಅದರ ಪಕ್ಕದಲ್ಲಿ ಹತ್ತು ಮಾಳಿಗೆಯ ಅಪಾರ್ಟ್‌ಮೆಂಟ್, ಮತ್ತೊಂದು ಹಂಚಿನ ಮನೆ, ಅದರ ಗೇಟಿಗೆ ಬಿಲ್ಡರ್‌ನ ಬೋರ್ಡು. ನಮ್ಮ ಮಂಗಳೂರು ಈಗ ಹೀಗೇ ಉಂಟು. ಇವತ್ತಿನ ಕಥೆ ಆ ಬೋರ್ಡು ಬಿದ್ದ ಒಂದು ಮನೆಯಿಂದ ಶುರುವಾಗ್ತದೆ. ಅದು ನಮ್ಮ ಅಜ್ಜಿ ಮನೆ, ಅತ್ತಾವರದಲ್ಲಿ.

ಆ ಮನೆಯ ಗೇಟಿನ ಮೇಲೆ ಕಮಾನಿನ ಹಾಗೆ ಬಾಗಿದ ಒಂದು ಕಾಗದದ ಹೂವಿನ ಗಿಡ. ಬೋಗನ್‌ವಿಲ್ಲಾ ಅಂತಾರಲ್ಲ, ಅದೇ. ಗಿಡ ಅನ್ನೋದಕ್ಕಿಂತ ಮರ ಅನ್ನಬೇಕು, ಬುಡ ನನ್ನ ತೊಡೆಯಷ್ಟು ದಪ್ಪ. ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಡಿಸೆಂಬರ್‌ನಿಂದ ಮೇ ತನಕ, ಕೇಸರಿಗೂ ಗುಲಾಬಿಗೂ ನಡುವಿನ ಒಂದು ಬಣ್ಣ. ಆಟೋದವರಿಗೆ ದಾರಿ ಹೇಳುವಾಗ ಅಜ್ಜಿ ಮನೆ ನಂಬರು ಹೇಳಿದ್ದೇ ಇಲ್ಲ. “ಕೇಸರಿ ಹೂವಿನ ಗೇಟು” ಅಂದ್ರೆ ಸಾಕಿತ್ತು. ಅಜ್ಜ ತೀರಿ ಹೋಗುವ ಮೊದಲು ನೆಟ್ಟದ್ದು ಅದು.

ಮನೆಯನ್ನು ಬಿಲ್ಡರ್‌ಗೆ ಕೊಡುವುದು ಅಂತ ತೀರ್ಮಾನ ಆಯ್ತು. ಅಜ್ಜಿ ಯಾವುದಕ್ಕೂ ತಕರಾರು ಮಾಡ್ಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: “ಆ ಗಿಡ ಫ್ಲ್ಯಾಟಿಗೆ ಬರ್ತದಾ ಮಗಾ?”

ದೊಡ್ಡಪ್ಪ, “ಜೆಸಿಬಿಯಲ್ಲಿ ಬುಡ ಸಮೇತ ಎತ್ತಿಸುವಾ” ಅಂದ್ರು. ಎತ್ತಿ ಇಡುವುದೆಲ್ಲಿ? ನಾಲ್ಕನೇ ಮಾಳಿಗೆಯ ಬಾಲ್ಕನಿ, ಎಂಟಡಿ ಉದ್ದ, ಮೂರೂವರೆ ಅಡಿ ಅಗಲ. ಅಲ್ಲಿ ಬದುಕಬೇಕಾದ್ರೆ ಮರ ಸಣ್ಣದಾಗಬೇಕು. ಅಂದ್ರೆ ಬೋನ್ಸಾಯ್. ನಾನು ರಾತ್ರಿಯೆಲ್ಲಾ ಮೊಬೈಲಲ್ಲಿ ವಿಡಿಯೊ ನೋಡಿ, ಕೊಂಬೆಯ ಮೇಲೇ ಬೇರು ಬರಿಸಿ ಕತ್ತರಿಸಿ ನೆಡುವ ವಿಧಾನ ಕಲಿತೆ. ನಮ್ಮಲ್ಲಿ ಅದಕ್ಕೆ ಗೂಟಿ ಅಂತಾರೆ. ಜೂನ್‌ನಲ್ಲಿ ಕಟ್ಟಿದೆ, ಆಗಸ್ಟ್‌ನಲ್ಲಿ ಬೇರು ಬಂತು, ಕುಂಡದಲ್ಲಿ ನೆಟ್ಟೆ, ಚಿಗುರಿತು. ಮನೆಯವರೆಲ್ಲಾ ಭೇಷ್ ಅಂದ್ರು.

ಜನವರಿಯಲ್ಲಿ ಹೂವು ಬಿಟ್ಟಿತು. ನೇರಳೆ ಬಣ್ಣ. ರಸ್ತೆ ಡಿವೈಡರ್‌ಗಳಲ್ಲಿ ಕಾಣುವ ಮಾಮೂಲಿ ನೇರಳೆ.

ಅಜ್ಜಿ ಏನೂ ಹೇಳ್ಲಿಲ್ಲ. ವರ್ಷಕ್ಕೊಮ್ಮೆ ತೆಂಗಿನ ಬುಡ ಬಿಡಿಸಲು ಬರುವ ಅಣ್ಣ ಒಬ್ಬರಿದ್ದಾರೆ, ಅವರು ಗೇಟಿನ ಹತ್ತಿರ ಕೂತು ಬುಡ ನೋಡಿದ್ರು. ಮಣ್ಣಿನಿಂದ ಒಂದು ಗೇಣು ಮೇಲೆ ಮೊಣಕಾಲಿನ ಗಂಟಿನಂತೆ ಒಂದು ಉಬ್ಬು. ಅದರ ಕೆಳಗೆ ಒರಟು ಬೂದು ತೊಗಟೆ, ಮೇಲೆ ಸ್ವಲ್ಪ ನಯವಾದ ಕಂದು ತೊಗಟೆ. “ಇದು ಕಸಿ ಗಿಡ ಮಾರಾಯ್ರೆ. ನೀವು ಗಂಟಿನ ಕೆಳಗಿಂದ ಎದ್ದ ಚಿಗುರಿಗೆ ಕಟ್ಟಿದ್ದೀರಿ. ಬಂದದ್ದು ಬೇರಿನ ಗಿಡ, ಹೂವಿನ ಗಿಡ ಅಲ್ಲ” ಅಂದ್ರು.

ಮನೆ ಖಾಲಿ ಮಾಡಲು ನಮಗೆ ಇನ್ನು ಒಂದೇ ಮಳೆಗಾಲ ಇತ್ತು. ಈ ಕಸಿ ಅಂದ್ರೆ ಎಂತ, ಗೂಟಿ ಅಂದ್ರೆ ಎಂತ, ಎರಡೂ ನಮ್ಮ ಕರಾವಳಿಗೆ ಬಂದದ್ದು ಹೇಗೆ ಅಂತ ನಾನು ಹುಡುಕಲು ಶುರು ಮಾಡಿದ್ದು ಆಗ. ಹುಡುಕಿದ್ರೆ ಅದು ಸಾವಿರದ ಐನೂರು ವರ್ಷದ ಚರಿತ್ರೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಉಳ್ಳಾಲದಲ್ಲಿ, ಪುತ್ತೂರಿನಲ್ಲಿ.

ಒಂದು ಮರ, ಇಬ್ಬರು ಯಜಮಾನರು

ಕಸಿ ಗಿಡ ಅಂದ್ರೆ ಎರಡು ಗಿಡಗಳ ಜೋಡಣೆ. ಕೆಳಗೆ ಬೇರಿನ ಗಿಡ, ಸಾಮಾನ್ಯವಾಗಿ ಗಟ್ಟಿ ಜಾತಿ. ಮೇಲೆ ನಮಗೆ ಬೇಕಾದ ಹೂವಿನ ಅಥವಾ ಹಣ್ಣಿನ ಗಿಡದ ಕುಡಿ. ಎರಡನ್ನೂ ಸೀಳಿ, ತೊಗಟೆಯ ಒಳಗಿನ ಹಸಿ ಪದರ ಒಂದಕ್ಕೊಂದು ತಾಗುವಂತೆ ಕಟ್ಟುತ್ತಾರೆ. ಕೆಲವು ವಾರಗಳಲ್ಲಿ ಗಾಯ ಕೂಡಿಕೊಳ್ತದೆ, ನೀರು ಮೇಲೆ ಹೋಗ್ತದೆ, ಎಲೆಯ ಆಹಾರ ಕೆಳಗೆ ಇಳಿಯುತ್ತದೆ. ಆದ್ರೆ ಗುಣ ಬೆರೆಯುವುದಿಲ್ಲ. ಗಂಟಿನ ಕೆಳಗೆ ಎಷ್ಟು ವರ್ಷವಾದರೂ ಬೇರಿನ ಗಿಡವೇ, ಮೇಲೆ ಕುಡಿಯ ಗಿಡವೇ. ನನ್ನ ನೇರಳೆ ಹೂವಿನ ಗುಟ್ಟು ಅದೇ.

ಈ ವಿದ್ಯೆ ಎಷ್ಟು ಹಳೆಯದು? ಚೀನಾದಲ್ಲಿ 6ನೇ ಶತಮಾನದ ಜಿಯಾ ಸಿಷಿಯೆ ಎಂಬಾತನ ಕೃಷಿ ಗ್ರಂಥದಲ್ಲಿ ಪೇರ್ ಹಣ್ಣಿನ ಕಸಿ ವಿವರವಾಗಿ ಉಂಟು. ಅದೇ ಶತಮಾನದಲ್ಲಿ ನಮ್ಮ ವರಾಹಮಿಹಿರ ಬೃಹತ್ಸಂಹಿತೆ ಬರೆದ. ಅದರ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಹಲಸು, ಅಶೋಕ, ನೇರಳೆ, ದಾಳಿಂಬೆ, ದ್ರಾಕ್ಷಿ ಮುಂತಾದ ಗಿಡಗಳನ್ನು ಕಾಂಡದಿಂದಲೇ ಬೆಳೆಸಬಹುದು, ಕತ್ತರಿಸಿದ ಭಾಗಕ್ಕೆ ಸಗಣಿ ಬಳಿಯಬೇಕು, ಇನ್ನೊಂದು ಗಿಡದ ಬುಡ ಕಡಿದ ಜಾಗದಲ್ಲೋ ಕಾಂಡದ ಮೇಲೋ ಕೂರಿಸಬಹುದು ಅಂತ ಹೇಳ್ತಾನೆ. ಕಡ್ಡಿ ನೆಡುವುದೂ ಕಸಿಯೂ ಎರಡೂ ಅಲ್ಲಿವೆ.

ಕನ್ನಡದಲ್ಲೂ ಉಂಟು. 1025ರ ಹೊತ್ತಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಎಂಬ ಕವಿ ‘ಲೋಕೋಪಕಾರ’ ಬರೆದ. ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಇವನು ಬೇರೆ. ಜನರ ದಿನಬಳಕೆಗೆ ಬೇಕಾದದ್ದೆಲ್ಲಾ ಒಂದೇ ಪುಸ್ತಕದಲ್ಲಿ ಇರಲಿ ಅನ್ನುವ ಆಸೆ ಅವನದ್ದು. ಅಂತರ್ಜಲ ಹುಡುಕುವುದು, ಅಡುಗೆ, ಸುಗಂಧ, ಔಷಧ, ಅದರ ಜೊತೆಗೆ ವೃಕ್ಷಾಯುರ್ವೇದ. ಮುಂದೆ 18ನೇ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕ ಸಂಸ್ಕೃತದಲ್ಲಿ ಬರೆದ ‘ಶಿವತತ್ತ್ವರತ್ನಾಕರ’ದಲ್ಲೂ ವೃಕ್ಷಾಯುರ್ವೇದಕ್ಕೆ ಜಾಗ ಸಿಕ್ಕಿದೆ. ಆಗ ಮಂಗಳೂರು ಕೆಳದಿಯವರ ಆಳ್ವಿಕೆಯಲ್ಲೇ ಇತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಅದು ಕೈ ಬದಲಾಯಿತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. “ಎಲ್ಲಾ ನಮ್ಮ ಪುಸ್ತಕದಲ್ಲೇ ಇತ್ತು” ಅಂತ ವಾಟ್ಸ್‌ಆ್ಯಪ್ ಫಾರ್ವರ್ಡ್ ಮಾಡೋದು ಸುಲಭ. ಪುಸ್ತಕದಲ್ಲಿ ಇರೋದು ಬೇರೆ, ಊರ ತುಂಬಾ ತೋಟಗಳಲ್ಲಿ ನಡೆಯೋದು ಬೇರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಸಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಪೋರ್ಚುಗೀಸರ ಕಾಲದ ಗೋವಾದಲ್ಲಿ, ಮಾವಿನ ಮರದ ಮೇಲೆ. ಗೊರಟೆಯಿಂದ ಹುಟ್ಟಿದ ಮಾವು ಹೆಚ್ಚಾಗಿ ತಾಯಿಯ ರುಚಿ ಕೊಡುವುದಿಲ್ಲ. ಒಳ್ಳೆಯ ಮರದ ರುಚಿ ಹಾಗೇ ಉಳಿಯಬೇಕಾದ್ರೆ ಕಸಿಯೇ ಬೇಕು. ಆಲ್ಫೊನ್ಸೊ, ಫೆರ್ನಾಂಡಿನ್ ಮುಂತಾದ ಹೆಸರುಗಳೇ ಆ ಕಾಲವನ್ನು ಹೇಳ್ತವೆ. ನಮ್ಮ ಮಂಗಳೂರಿನ ಮುಂಡಪ್ಪ ಮಾವು ಕೂಡ ಮನೆಯಿಂದ ಮನೆಗೆ ಹೋದದ್ದು ಕಸಿಯ ಮೂಲಕವೇ. ಕುಂಡದಲ್ಲಿದ್ದ ಸಣ್ಣ ಗಿಡವನ್ನು ಮರದ ಪಕ್ಕ ಅಟ್ಟಣಿಗೆ ಕಟ್ಟಿ ಎತ್ತರಿಸಿ ಇಟ್ಟು, ಎರಡರ ತೊಗಟೆ ಕೆತ್ತಿ ಕೂಡಿಸಿ ಕಟ್ಟುವ ಸಾಮೀಪ್ಯ ಕಸಿ ಆಗ ಚಾಲ್ತಿಯಲ್ಲಿತ್ತು.

ಅಂದ ಹಾಗೆ ಕಾಗದದ ಹೂವೂ ನಮ್ಮದಲ್ಲ. ಅದರ ಮೂಲ ದಕ್ಷಿಣ ಅಮೆರಿಕ. 1767ರಲ್ಲಿ ಫ್ರೆಂಚ್ ನಾವಿಕ ಬೋಗನ್‌ವಿಲ್ ಭೂಮಿ ಸುತ್ತುವ ಪಯಣದಲ್ಲಿ ಬ್ರೆಜಿಲ್‌ನ ರಿಯೊ ಬಂದರಿಗೆ ಬಂದಾಗ, ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಕೊಮ್ಮರ್ಸನ್ ಇದನ್ನು ಸಂಗ್ರಹಿಸಿದ. ಅವನ ಸಹಾಯಕಿ ಜೀನ್ ಬಾರೆ ಗಂಡಸಿನ ವೇಷದಲ್ಲಿ ಆ ಹಡಗು ಹತ್ತಿದ್ದಳು. ಹಡಗಿನಲ್ಲಿ ಜಗತ್ತು ಸುತ್ತಿದ ಮೊದಲ ಹೆಂಗಸು ಅಂತ ಚರಿತ್ರೆ ಇವತ್ತು ಗುರುತಿಸುವುದು ಅವಳನ್ನೇ. 19ನೇ ಶತಮಾನದಲ್ಲಿ ಈ ಗಿಡ ಭಾರತದ ತೋಟಗಳಿಗೆ ಬಂತು. ನಾವು ಹೂವು ಅಂತ ಕರೆಯುವ ಬಣ್ಣದ ಭಾಗ ನಿಜಕ್ಕೂ ಒಂದು ಬಗೆಯ ಎಲೆ. ಅದರ ನಡುವಿನ ಸಣ್ಣ ಬಿಳಿ ಕೊಳವೆಯೇ ಅಸಲಿ ಹೂವು.

ಹೆಸರಿಲ್ಲದ ಮಾಲಿಗಳ ಗೂಟಿ

ಈಗ ಗೂಟಿಗೆ ಬರೋಣ. ಕೊಂಬೆಯ ಸುತ್ತ ಒಂದು ಉಂಗುರದಷ್ಟು ತೊಗಟೆ ತೆಗೀಬೇಕು. ಒಳಗಿನ ಕಟ್ಟಿಗೆ ಹಾಗೇ ಇರ್ತದೆ, ಹಾಗಾಗಿ ಬೇರಿನಿಂದ ನೀರು ಮೇಲೆ ಹೋಗ್ತಲೇ ಇರ್ತದೆ, ಎಲೆ ಬಾಡುವುದಿಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ತೊಗಟೆಯ ದಾರಿಯಲ್ಲಿ ಕೆಳಗೆ ಇಳಿಯಬೇಕು. ಆ ದಾರಿ ಕಡಿದುಹೋಗಿದೆ. ಹಾಗಾಗಿ ಎಲ್ಲವೂ ಉಂಗುರದ ಮೇಲಿನ ಅಂಚಿನಲ್ಲಿ ನಿಲ್ತದೆ. ಅಂಚು ಊದಿಕೊಳ್ತದೆ, ಅಲ್ಲಿ ತೇವ ಮತ್ತು ಕತ್ತಲೆ ಸಿಕ್ಕಿದರೆ ಬೇರು ಒಡೆಯುತ್ತದೆ.

17ನೇ ಶತಮಾನದಲ್ಲಿ ಇಟಲಿಯ ಮಾಲ್ಪೀಗಿ ಮರಗಳ ತೊಗಟೆಯನ್ನು ಹೀಗೆ ಉಂಗುರದಂತೆ ತೆಗೆದು, ಮೇಲಿನ ಅಂಚು ಊದಿಕೊಳ್ಳುವುದನ್ನು ಗಮನಿಸಿ ಬರೆದಿಟ್ಟ. ಬೇರು ಬರಿಸುವ ಹಾರ್ಮೋನು ಆಕ್ಸಿನ್ ಅಂತ ಗೊತ್ತಾದದ್ದು, ಅದರ ಪುಡಿ ಹಚ್ಚಿ ಬೇರು ಬರಿಸಬಹುದು ಅಂತ ತಿಳಿದದ್ದು 1930ರ ದಶಕದಲ್ಲಿ. ಆದ್ರೆ ಕಾರಣ ಗೊತ್ತಿಲ್ಲದೆ ಕೆಲಸ ಮಾಡ್ತಿದ್ದವರು ಅದಕ್ಕಿಂತ ಎಷ್ಟೋ ಮೊದಲೇ ಇದ್ರು. ಚೀನಾದಲ್ಲಿ ಇದ್ರು, ಜಪಾನಿನಲ್ಲಿ ಇದ್ರು, ಭಾರತದಲ್ಲಿ ಇದ್ರು.

‘ಗೂಟಿ’ ಅನ್ನುವ ಪದ ಉತ್ತರ ಭಾರತದ, ಬಂಗಾಳದ ಮಾಲಿಗಳದ್ದು. 1860ರ ದಶಕದಲ್ಲಿ ಬಂಗಾಳದಲ್ಲಿದ್ದ ಪಾದ್ರಿ ಫರ್ಮಿಂಜರ್ ಬರೆದ ತೋಟಗಾರಿಕೆ ಕೈಪಿಡಿಯಲ್ಲಿ ಈ ಪದ ಇಂಗ್ಲಿಷ್ ಅಕ್ಷರದಲ್ಲಿ ಸಿಗ್ತದೆ. ಉಂಗುರ ತೆಗೆದ ಜಾಗಕ್ಕೆ ಜಿಗುಟು ಮಣ್ಣಿನ ಉಂಡೆ ಮೆತ್ತಿ, ನಾರು ಸುತ್ತುತ್ತಿದ್ರು. ಅದು ಒಣಗಬಾರದಲ್ಲ? ಅದರ ಮೇಲೆ ಒಂದು ಮಡಕೆ ತೂಗು ಹಾಕಿ, ಮಡಕೆಯ ತಳದ ತೂತಿನಿಂದ ಒಂದು ಹಗ್ಗ ಇಳಿಬಿಟ್ಟು, ಹಗ್ಗದ ಗುಂಟ ನೀರು ಹನಿಹನಿಯಾಗಿ ಉಂಡೆಗೆ ಇಳಿಯುವ ಹಾಗೆ ಮಾಡ್ತಿದ್ರು. ಇವತ್ತು ನಾವು ಡ್ರಿಪ್ ಅಂತ ಕರೆಯುವುದೂ ಇದೇ ಉಪಾಯ. ಪುಸ್ತಕದ ಮೇಲೆ ಪಾದ್ರಿಯ ಹೆಸರು ಉಂಟು, ಕೈ ಮಣ್ಣು ಮಾಡಿಕೊಂಡ ಮಾಲಿಯ ಹೆಸರು ಇಲ್ಲ. ಪದ ಮಾತ್ರ ಉಳಿಯಿತು. ಇವತ್ತಿಗೂ ಕನ್ನಡದ ತೋಟಗಾರಿಕೆ ಪುಸ್ತಕಗಳಲ್ಲಿ ಅದು ‘ಗೂಟಿ ವಿಧಾನ’ವೇ.

ಮಡಕೆಗೆ ದಿನಾ ನೀರು ತುಂಬುವ ಕೆಲಸ ತಪ್ಪಿಸಿದ್ದು ಪ್ಲಾಸ್ಟಿಕ್. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಲಿಚಿ ಬೆಳೆಯುತ್ತಿದ್ದ ಕರ್ನಲ್ ಗ್ರೋವ್ ಎಂಬಾತ ಮಣ್ಣಿನ ಉಂಡೆಯ ಬದಲು ಒದ್ದೆ ಪಾಚಿ ಇಟ್ಟು, ಅದರ ಸುತ್ತ ತೆಳು ಪಾಲಿಥೀನ್ ಹಾಳೆ ಸುತ್ತಿದ. ತೇವ ಒಳಗೇ ಉಳಿಯಿತು, ಬೇರು ಬಂದದ್ದು ಹೊರಗಿನಿಂದಲೇ ಕಾಣಿಸಿತು. ನಾವು ಇವತ್ತು ಮಾಡುವುದು ಬಹುಮಟ್ಟಿಗೆ ಅದನ್ನೇ.

ಗೇರು ಕಲಿಸಿದ ಪಾಠ

ಈಗ ನಮ್ಮ ಜಿಲ್ಲೆಯ ಅಧ್ಯಾಯ. ಗೇರು ಕೂಡ ಬ್ರೆಜಿಲ್‌ನಿಂದ ಬಂದದ್ದು, ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ನಮ್ಮ ಮುರಕಲ್ಲಿನ ಗುಡ್ಡಗಳಿಗೆ ಅದು ಎಷ್ಟು ಒಗ್ಗಿಹೋಯಿತು ಅಂದ್ರೆ, ಮಂಗಳೂರು ಗೇರುಬೀಜ ಸಂಸ್ಕರಣೆಯ ದೊಡ್ಡ ಕೇಂದ್ರವೇ ಆಯಿತು. ಸಾವಿರಾರು ಹೆಂಗಸರು ಫ್ಯಾಕ್ಟರಿಗಳಲ್ಲಿ ಬೀಜ ಸುಲಿದು ಸಂಸಾರ ನಡೆಸಿದ್ದಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಇರಬಹುದು, ಕೇಳಿ ನೋಡಿ.

ಗೇರಿನ ಕಷ್ಟ ಏನಂದ್ರೆ, ಬೀಜದಿಂದ ಹುಟ್ಟಿದ ಮರಗಳು ಒಂದರ ಹಾಗೆ ಇನ್ನೊಂದಿಲ್ಲ. ಪರಾಗ ಬೇರೆ ಬೇರೆ ಮರಗಳಿಂದ ಬರ್ತದೆ. ಒಂದು ಮರ ಧಾರಾಳ ಬೀಜ ಕೊಟ್ರೆ, ಅದರ ಬೀಜದಿಂದ ಹುಟ್ಟಿದ ಮರ ಎಲೆ ಮಾತ್ರ ಕೊಡಬಹುದು. ಹಾಗಾಗಿ ಒಳ್ಳೆಯ ಮರದ ನಕಲು ಬೇಕು. ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಮರಗಳ ಆಯ್ಕೆ ನಡೀತು. ಉಳ್ಳಾಲ-1, ಉಳ್ಳಾಲ-2 ಅಂತ ಊರಿನ ಹೆಸರಿನ ತಳಿಗಳು ಬಂದದ್ದು ಅಲ್ಲಿಂದ.

ನಕಲು ಮಾಡುವುದು ಹೇಗೆ? 1960, 70ರ ದಶಕಗಳಲ್ಲಿ ದೇಶದಲ್ಲಿ ಗೇರಿಗೆ ಮುಖ್ಯವಾಗಿ ಶಿಫಾರಸಾಗುತ್ತಿದ್ದದ್ದು ಗೂಟಿ. ಬೇರು ಬರ್ತಿತ್ತು, ಗಿಡ ಆಗ್ತಿತ್ತು. ಗುಡ್ಡದಲ್ಲಿ ನೆಟ್ಟ ಮೇಲೆ ತೊಂದರೆ ಶುರು. ಬೀಜದಿಂದ ಹುಟ್ಟಿದ ಗಿಡಕ್ಕೆ ನೇರ ಕೆಳಗೆ ಇಳಿಯುವ ತಾಯಿಬೇರು ಇರ್ತದೆ. ಗೂಟಿಯ ಗಿಡಕ್ಕೆ ಅದಿಲ್ಲ. ಅದರ ಬೇರೆಲ್ಲಾ ಕಾಂಡದ ಸುತ್ತಿನಿಂದ ಅಡ್ಡಡ್ಡ ಹೊರಟವು. ಏಪ್ರಿಲ್‌ನಲ್ಲಿ ಮುರಕಲ್ಲಿನ ನೆಲ ಕಾದಾಗ ಆಳದ ನೀರು ಎಟುಕದೆ ಗಿಡ ಸಾಯ್ತಿತ್ತು. ಬದುಕಿದ್ದು ದೊಡ್ಡದಾದ ಮೇಲೆ ಬಿರುಗಾಳಿಗೆ ಬುಡ ಸಮೇತ ಮಗುಚಿ ಬೀಳ್ತಿತ್ತು.

1980ರ ದಶಕದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಬೀಜ ಮೊಳೆಸಿ ಬಂದ ಎಳೆ ಗಿಡದ ಹಸಿರು ಕಾಂಡ ಸೀಳಿ, ಅದಕ್ಕೆ ಒಳ್ಳೆಯ ಮರದ ಕುಡಿಯನ್ನು ಬೆಣೆಯ ಹಾಗೆ ಕೂರಿಸುವ ಮೃದುಕಾಂಡ ಕಸಿ. ಕೆಳಗೆ ಬೀಜದ ಗಿಡದ ತಾಯಿಬೇರು, ಮೇಲೆ ಬೇಕಾದ ತಳಿ. 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ಇವತ್ತು ಮಳೆ ಶುರುವಾಗುವಾಗ ರೈತರು ಪಾಲಿಥೀನ್ ತೊಟ್ಟೆಯಲ್ಲಿ ಒಯ್ಯುವ ಗೇರು ಗಿಡಗಳೆಲ್ಲಾ ಕಸಿ ಗಿಡಗಳೇ. ಗೇರು ತೋಟದಲ್ಲಿ ಗೂಟಿ ಸೋತಿತು, ಕಸಿ ಗೆದ್ದಿತು.

ಇಷ್ಟು ಓದಿದಾಗ ನನಗೆ ಸ್ವಲ್ಪ ಬೇಜಾರಾಯ್ತು. ಸೋತ ವಿಧಾನ ಹಿಡ್ಕೊಂಡು ನಾನು ಅಜ್ಜಿಯ ಮರ ಉಳಿಸಲು ಹೊರಟಿದ್ದೆನಾ?

ತೋಟದ ದೋಷ, ತಟ್ಟೆಯ ಗುಣ

ಸ್ವಲ್ಪ ಯೋಚನೆ ಮಾಡಿದ್ರೆ ಇದು ತಿರುಗಿ ಬೀಳ್ತದೆ. ಗುಡ್ಡದ ಮೇಲೆ ಮರಕ್ಕೆ ತಾಯಿಬೇರು ಬೇಕು. ಬೋನ್ಸಾಯ್ ತಟ್ಟೆಯ ಆಳ ಎಷ್ಟು? ಮೂರು ಇಂಚು, ನಾಲ್ಕು ಇಂಚು. ಅಲ್ಲಿ ತಾಯಿಬೇರು ಇಟ್ಟುಕೊಂಡು ಎಂತ ಮಾಡೋದು? ಬೋನ್ಸಾಯ್ ಮಾಡುವವರು ಬೀಜದ ಗಿಡ ತಂದರೂ ಮೊದಲು ಕತ್ತರಿಸುವುದೇ ತಾಯಿಬೇರನ್ನು. ಅವರಿಗೆ ಬೇಕಾದದ್ದು ಕಾಂಡದ ಬುಡದಿಂದ ಸುತ್ತಲೂ ಚಕ್ರದ ಕಡ್ಡಿಗಳಂತೆ ಹರಡಿ, ಮಣ್ಣಿನ ಮೇಲೆ ಕಾಣುವ ಬೇರು. ಜಪಾನಿನವರು ಅದಕ್ಕೆ ‘ನೆಬಾರಿ’ ಅಂತಾರೆ. ಬೋನ್ಸಾಯ್ ಹಳೆಯ ಮರದ ಹಾಗೆ ಕಾಣುವುದಕ್ಕೆ ಅರ್ಧ ಕಾರಣ ಅದೇ.

ಗೂಟಿ ಕೊಡುವುದು ಅಂಥದ್ದೇ ಬೇರು. ತೊಗಟೆಯ ಉಂಗುರದ ಅಂಚಿನಲ್ಲಿ ಸುತ್ತಲೂ, ಒಂದೇ ಮಟ್ಟದಲ್ಲಿ. ಗೇರು ಮರವನ್ನು ಗಾಳಿಗೆ ಬೀಳಿಸಿದ ಗುಣವೇ ಇಲ್ಲಿ ಮರವನ್ನು ತಟ್ಟೆಯಲ್ಲಿ ಕೂರಿಸುತ್ತದೆ.

ಕಸಿ ಗಿಡಕ್ಕಂತೂ ಇದು ಇನ್ನೂ ಮುಖ್ಯ. ದೊಡ್ಡ ತೋಟದಲ್ಲಿ ಕಸಿಯ ಗಂಟನ್ನು ಯಾರೂ ನೋಡುವುದಿಲ್ಲ. ಒಂದೂವರೆ ಅಡಿಯ ಬೋನ್ಸಾಯ್‌ನಲ್ಲಿ ಅದು ಮುಖದ ಮೇಲಿನ ಗಾಯದ ಹಾಗೆ ಕಾಣ್ತದೆ. ಕೆಳಗಿನ ತೊಗಟೆ ಒಂದು ಬಗೆ, ಮೇಲಿನದ್ದು ಇನ್ನೊಂದು. ಎರಡೂ ಬೇರೆ ಬೇರೆ ವೇಗದಲ್ಲಿ ದಪ್ಪ ಆಗ್ತವೆ, ಉಬ್ಬು ವರ್ಷ ವರ್ಷ ದೊಡ್ಡದಾಗ್ತದೆ. ಜೊತೆಗೆ ಕೆಳಗಿನ ಗಟ್ಟಿ ಗಿಡ ಚಿಗುರು ಬಿಡ್ತಲೇ ಇರ್ತದೆ. ನೋಡಿಕೊಳ್ಳದಿದ್ರೆ ಮೇಲಿನದ್ದನ್ನು ನುಂಗಿಯೇ ಬಿಡ್ತದೆ. ಗಂಟಿನ ಮೇಲೆ ಗೂಟಿ ಕಟ್ಟಿದ್ರೆ ಗಂಟೂ ಹೋಗ್ತದೆ, ಕೆಳಗಿನ ಯಜಮಾನನೂ ಹೋಗ್ತಾನೆ. ಹೂವಿನ ಗಿಡ ಮೊದಲ ಸಲ ತನ್ನದೇ ಬೇರಿನ ಮೇಲೆ ನಿಲ್ತದೆ.

ಬೋನ್ಸಾಯ್‌ನ ಬೇರು ಚೀನಾದಲ್ಲಿ. ಅಲ್ಲಿನ ತಾಂಗ್ ರಾಜಕುಮಾರ ಲಿ ಷಿಯಾನ್‌ನ 706ರ ಸಮಾಧಿಯ ಗೋಡೆ ಚಿತ್ರದಲ್ಲಿ, ಸಣ್ಣ ಗಿಡ ಮತ್ತು ಕಲ್ಲುಗಳನ್ನು ತಟ್ಟೆಯಲ್ಲಿ ಹೊತ್ತು ನಿಂತ ಸೇವಕರನ್ನು ಇವತ್ತಿಗೂ ನೋಡಬಹುದು. ಜಪಾನಿಗೆ ಹೋಗಿ ಅದು ಈಗಿನ ರೂಪ ಪಡೆಯಿತು. ಅಲ್ಲಿ ಗೂಟಿಗೆ ‘ತೊರಿಕಿ’ ಅಂತ ಹೆಸರು. ನಮ್ಮ ರಾಜ್ಯದಲ್ಲಿ ಬೋನ್ಸಾಯ್ ನೋಡಬೇಕಿದ್ರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಒಂದು ಬೋನ್ಸಾಯ್ ತೋಟ ಉಂಟು. ಮೈಸೂರಿನ ಅವಧೂತ ದತ್ತ ಪೀಠದ ಆವರಣದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಉಂಟು. ನಮ್ಮ ಕದ್ರಿ ಪಾರ್ಕಿನಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದ್ರೆ, ತೋಟಗಾರಿಕೆ ಗೊತ್ತಿರುವವರ ಹತ್ತಿರ ನಿಂತು ಪ್ರಶ್ನೆ ಕೇಳಬಹುದು. ನಾಚಿಕೆ ಬೇಡ. ಗಿಡದವರು ಮಾತಾಡಲು ಕಾಯ್ತಾನೇ ಇರ್ತಾರೆ.

ಎರಡನೇ ಮಳೆಗಾಲ

ಈಗ ನಾವು ಮಾಡಿದ್ದನ್ನು ಹೇಳ್ತೇನೆ. ನಿಮ್ಮ ಮನೆಯಲ್ಲೂ ಹೀಗೊಂದು ಕಸಿ ಗಿಡ ಇದ್ರೆ ಕೆಲಸಕ್ಕೆ ಬರಬಹುದು.

ಮೊದಲು ಬುಡದ ಕಸ ತೆಗೆದು ಗಂಟು ಹುಡುಕಿದೆವು. ಅದರ ಕೆಳಗಿನ ಚಿಗುರೆಲ್ಲಾ ಕತ್ತರಿಸಿದೆವು. ಮೇಲಿನ ಭಾಗದಲ್ಲಿ, ಹಿಂದಿನ ಬೇಸಿಗೆಯಲ್ಲಿ ಕೇಸರಿ ಹೂವು ಬಿಟ್ಟದ್ದು ಕಣ್ಣಾರೆ ನೋಡಿದ ಮೂರು ಕೊಂಬೆಗಳಿಗೆ ಬಣ್ಣದ ದಾರ ಕಟ್ಟಿದೆವು. ಹೆಬ್ಬೆರಳು ದಪ್ಪದ್ದು ಎರಡು, ಮಣಿಕಟ್ಟು ದಪ್ಪದ್ದು ಒಂದು. ಒಂದೇ ಕೊಂಬೆಯನ್ನು ನಂಬಬೇಡಿ.

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಚೂಪಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೊಂಬೆಯ ದಪ್ಪದ ಒಂದೂವರೆ ಪಟ್ಟು ಅಗಲಕ್ಕೆ ತೊಗಟೆಯ ಉಂಗುರ ತೆಗೆದೆವು. ಇಲ್ಲಿ ಹೆಚ್ಚಿನವರು ತಪ್ಪು ಮಾಡ್ತಾರೆ. ತೊಗಟೆ ತೆಗೆದ ಮೇಲೆ ಕಟ್ಟಿಗೆಯ ಮೇಲೆ ಲೋಳೆಯಂಥ ಒಂದು ತೆಳು ಪದರ ಉಳೀತದೆ. ಅದನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆದು ತೆಗೀಬೇಕು. ಇಲ್ಲದಿದ್ರೆ ಗಾಯ ಕೂಡಿಕೊಳ್ತದೆ, ಬೇರು ಬರುವುದಿಲ್ಲ. ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸ್ವಲ್ಪ ಹಚ್ಚಿದೆವು.

ಆಮೇಲೆ ನೆನೆಸಿ ಚೆನ್ನಾಗಿ ಹಿಂಡಿದ ತೆಂಗಿನ ನಾರಿನ ಪುಡಿ. ಒಂದು ಮುಷ್ಟಿಗಿಂತ ದೊಡ್ಡ ಉಂಡೆ. ಅದರ ಸುತ್ತ ಪಾಲಿಥೀನ್, ಎರಡೂ ತುದಿಗೆ ಬಿಗಿ ಕಟ್ಟು. ಮಂಗಳೂರಿನವರಿಗೆ ಒಂದು ವಿಶೇಷ ಸೂಚನೆ: ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಬೇರೆ ಊರಿನವರಿಗೆ ಗೂಟಿ ಒಣಗುವ ಚಿಂತೆ, ನಮಗೆ ಕೊಳೆಯುವ ಚಿಂತೆ. ಕಾಂಡದ ಗುಂಟ ಇಳಿಯುವ ನೀರು ಒಳಗೆ ಹೋಗದ ಹಾಗೆ ಮೇಲಿನ ಕಟ್ಟನ್ನು ಟೇಪು ಸುತ್ತಿ ಭದ್ರ ಮಾಡಿ. ಕೆಳಗಿನ ತುದಿಯಲ್ಲಿ ಒಂದು ಸೂಜಿ ತೂತು ಇರಲಿ. ಬೆಳಕು ತಾಗದ ಹಾಗೆ ಹೊರಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ. ಬೇರಿಗೆ ಕತ್ತಲೆ ಇಷ್ಟ.

ಆರನೇ ವಾರ ಬಿಚ್ಚಿ ನೋಡಿದಾಗ ಒಂದರಲ್ಲಿ ಬಿಳಿ ಬೇರು ಕಾಣಿಸ್ತು. ಒಂದರಲ್ಲಿ ಬರೀ ಊತ. ಇನ್ನೊಂದು ಕೊಳೆತು ಹೋಗಿತ್ತು, ಟೇಪು ಸಡಿಲ ಆಗಿ ನೀರು ತುಂಬಿತ್ತು. ಬೇರು ಬಂದದ್ದಕ್ಕೂ ಗಡಿಬಿಡಿ ಮಾಡ್ಲಿಲ್ಲ. ಬಿಳಿ ಬೇರು ಮುಟ್ಟಿದರೆ ಮುರೀತದೆ. ಅದು ಕವಲೊಡೆದು ಕಂದು ಬಣ್ಣಕ್ಕೆ ತಿರುಗುವ ತನಕ ಇನ್ನೂ ಒಂದು ತಿಂಗಳು ಬಿಟ್ಟೆವು. ಸೆಪ್ಟೆಂಬರ್‌ನಲ್ಲಿ ಬೇರಿನ ಕೆಳಗೆ ಗರಗಸದಿಂದ ಕತ್ತರಿಸಿ, ಅರ್ಧಕ್ಕರ್ಧ ಎಲೆ ತೆಗೆದು, ಮೊದಲು ಮಾಮೂಲಿ ಕುಂಡದಲ್ಲಿ ನೆಟ್ಟು ನೆರಳಲ್ಲಿ ಇಟ್ಟೆವು. ನೇರ ಬೋನ್ಸಾಯ್ ತಟ್ಟೆಗೆ ಹಾಕಬೇಡಿ, ಮೊದಲು ಬೇರು ಗಟ್ಟಿಯಾಗಲಿ.

ಊದಿಕೊಂಡಿದ್ದ ಕೊಂಬೆ, ಆ ಮಣಿಕಟ್ಟು ದಪ್ಪದ್ದು, ಅಕ್ಟೋಬರ್‌ನಲ್ಲಿ ಬೇರು ಬಿಟ್ಟಿತು. ಮನೆ ಬೀಳಿಸಲು ಬರುವ ಹನ್ನೆರಡು ದಿನ ಮೊದಲು ಅದನ್ನು ಕತ್ತರಿಸಿ ತೆಗೆದೆವು.

ಮರೆಯಬಾರದ ಒಂದು ಮಾತು

ಸ್ವಂತ ಬೇರು ಅಂದ ಕೂಡಲೇ ಎಲ್ಲವೂ ಒಳ್ಳೆಯದು ಅಂತ ಅಲ್ಲ. ನರ್ಸರಿಯವರು ಸುಮ್ಮನೆ ಕಸಿ ಕಟ್ಟಿರುವುದಿಲ್ಲ. ಕೆಲವು ತಳಿಗಳ ಸ್ವಂತ ಬೇರು ನಾಜೂಕು, ಬೇಗ ರೋಗ ಹಿಡೀತದೆ. ಕೆಳಗಿನ ಗಟ್ಟಿ ಗಿಡ ಅದನ್ನು ಇಷ್ಟು ವರ್ಷ ಸಾಕಿರ್ತದೆ. ಗೂಟಿ ಮಾಡಿ ಬೇರ್ಪಡಿಸಿದ ಮೇಲೆ ಆ ಆಸರೆ ಇಲ್ಲ. ಹಾಗಾಗಿ ಮೊದಲ ಎರಡು ವರ್ಷ ನೀರು ನಿಲ್ಲದ ಮಣ್ಣು, ಹದವಾದ ನೀರು, ಗೊಬ್ಬರದಲ್ಲಿ ಹಿಡಿತ. ಗಿಡ ಹೊಸ ಬೇರಿನ ಮೇಲೆ ಒಂದು ಬೇಸಿಗೆ ದಾಟುವ ತನಕ, ಆಗುವುದಾದರೆ, ತಾಯಿ ಗಿಡವನ್ನು ಕಡಿಯಬೇಡಿ. ನಮಗೆ ಆ ಅವಕಾಶ ಇರಲಿಲ್ಲ.

ನನ್ನ ಮೊದಲ ವರ್ಷದ ನೇರಳೆ ಗಿಡವನ್ನು ಬಿಸಾಡಬೇಕು ಅಂತ ಇದ್ದೆ. ಅಜ್ಜಿ ಬಿಡ್ಲಿಲ್ಲ. “ಇಷ್ಟು ವರ್ಷ ಆ ಹೂವನ್ನು ಹೊತ್ತು ನಿಂತದ್ದು ಇದೇ ಅಲ್ವಾ? ಒಮ್ಮೆಯೂ ಅದಕ್ಕೆ ಹೂವು ಬಿಡಲು ಬಿಟ್ಟಿಲ್ಲ ನಾವು. ಇದೂ ಬರ್ಲಿ” ಅಂದ್ರು.

ಈಗ ನಾಲ್ಕನೇ ಮಾಳಿಗೆಯ ಬಾಲ್ಕನಿಯಲ್ಲಿ ಮೂರು ಕುಂಡ ಉಂಟು. ಎರಡು ಕೇಸರಿ, ಒಂದು ನೇರಳೆ. ಬೋನ್ಸಾಯ್‌ಗೆ ನೀರು ಬೇಗ ಬಸಿಯುವ ಮಣ್ಣು ಬೇಕು. ನಾವು ಹಾಕಿದ್ದು ಹಳೆ ಮನೆಯ ಮಾಡಿನ ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರೂರಿಗೆ ಹೋದ ಕೆಂಪು ಹಂಚು ಉಂಟಲ್ಲ, ಆ ಬಗೆಯದ್ದೇ. ಮನೆ ಬೀಳಿಸುವಾಗ ಒಡೆದ ಹಂಚು ಎರಡು ಗೋಣಿ ತಂದು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ಧೂಳು ಜರಡಿ ಹಿಡಿದು, ತೆಂಗಿನ ನಾರಿನ ಪುಡಿ ಮತ್ತು ಹಳೆ ಸಗಣಿ ಗೊಬ್ಬರದ ಜೊತೆ ಬೆರೆಸಿದೆವು. ಕುಟ್ಟಿದ್ದು ದೊಡ್ಡಪ್ಪ.

ಕಳೆದ ಫೆಬ್ರವರಿಯಲ್ಲಿ ಸಣ್ಣ ಕೇಸರಿ ಗಿಡ ಮೊದಲ ಹೂವು ಬಿಟ್ಟಿತು. ಏಳೆಂಟು ಗೊಂಚಲು ಅಷ್ಟೆ. ಮಣಿಕಟ್ಟು ದಪ್ಪದ್ದು ಇನ್ನೂ ಬರೀ ಎಲೆ, ಅದು ಈ ಬೇಸಿಗೆ ದಾಟ್ತದಾ ಅಂತ ನೋಡ್ತಾ ಇದ್ದೇವೆ. ಮೊನ್ನೆ ಅಜ್ಜಿ ಫೋನಲ್ಲಿ ಯಾರಿಗೋ ದಾರಿ ಹೇಳ್ತಿದ್ರು. ಬ್ಲಾಕ್ ನಂಬರು, ಫ್ಲ್ಯಾಟ್ ನಂಬರು ಎಲ್ಲಾ ಹೇಳಿದ ಮೇಲೆ ಒಂದು ಮಾತು ಸೇರಿಸಿದ್ರು: “ಕೆಳಗಿಂದ ಮೇಲೆ ನೋಡಿ, ಕೇಸರಿ ಹೂವು ಕಾಣ್ತದೆ.”

ನಿಮ್ಮ ಬೀದಿಯಲ್ಲೂ ಯಾವುದಾದರೂ ಗೇಟಿಗೆ ಬೋರ್ಡು ಬಿದ್ದಿದ್ರೆ, ಅಂಗಳದಲ್ಲಿ ಏನುಂಟು ಅಂತ ಒಮ್ಮೆ ಕೇಳಿ. ಜೂನ್‌ಗೆ ಇನ್ನು ಎಷ್ಟು ತಿಂಗಳು ಉಂಟು ಅಂತ ಲೆಕ್ಕ ಹಾಕಿ. ಕಟ್ಟುವ ಮೊದಲು ಗಂಟು ಎಲ್ಲುಂಟು ಅಂತ ನೋಡಿಕೊಳ್ಳಿ.